ಚಳಿಜ್ವರವೂ ರಕ್ತದ ಶೀಘ್ರ ಪರೀಕ್ಷೆಯೂ

ಜ್ವರವೆಂಬದು ಒಂದು ರೋಗವಲ್ಲ. ಅನೇಕ ರೋಗಗಳಿಗೆ ಸಾಮಾನ್ಯವಾದ ಒಂದು ಗುರುತು. ಮೈ ಬಿಸಿಯಾದ ಮಾತ್ರಕ್ಕೆ ಒಳಗೆ ಯಾವ ರೋಗವು ಸೇರಿಕೊಂಡಿದೆಯೆಂಬದು ತಿಳಿಯುವದಿಲ್ಲ. ಹೀಗಿದ್ದರೂ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಪದ್ಧತಿ ಯಾವದು? ಮಗುವಿಗೆ ಚಳಿ ಬಂದು ಮೈ ಸುಡಹತ್ತಿದರೆ ಮನೆಯ ಹಿರಿಯರು ರೋಗದ ಒಂದು ಹೆಸರನ್ನು ಹೇಳುವರು. ನೆರೆಯವರು ಇನ್ನೊಂದನ್ನು ಹೇಳುವರು. ಔಷಧದ ಅಂಗಡಿಯವನು ಮೂರನೆಯದನ್ನು ಊಹಿಸಿ ನಾಲ್ಕು ಗುಳಿಗೆಗಳನ್ನು ಕಟ್ಟಿಕೊಡುವನು. ಊಹೆಯು ಸರಿಯಾದರೆ ಮಗುವು ಉಳಿಯಿತು. ತಪ್ಪಾದರೆ ಎರಡು ಮೂರು ದಿನಗಳು ವ್ಯರ್ಥವಾಗಿ ಕಳೆದವು. ಕೆಲವು ಜ್ವರಗಳಲ್ಲಿ ಆ ಎರಡು ಮೂರು ದಿನಗಳೇ ಜೀವಕ್ಕೂ ಮರಣಕ್ಕೂ ನಡುವಿನ ಅಂತರವಾಗಿರುತ್ತವೆ.

ಮಲೇರಿಯಾ ಅಥವಾ ಚಳಿಜ್ವರವು ಅಂಥ ಜ್ವರಗಳಲ್ಲಿ ಒಂದು. ಇದನ್ನು ಊಹೆಯಿಂದಲ್ಲ, ಒಂದು ಹನಿ ರಕ್ತದಿಂದ ಕಾಲು ತಾಸಿನಲ್ಲಿ ಗುರುತಿಸುವ ಒಂದು ಸಣ್ಣ ಸಾಧನವು ಈಗ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ಇರುತ್ತದೆ. ಜನರು ಅದನ್ನು ಸುಮ್ಮನೆ ‘ಕಿಟ್’ ಎಂದು ಕರೆಯುವರು. ಅದು ಏನು, ಹೇಗೆ ಕೆಲಸಮಾಡುವದು, ಅದರ ಮಾತನ್ನು ಎಲ್ಲಿಯವರೆಗೆ ನಂಬಬೇಕು, ಎಲ್ಲಿ ನಂಬಬಾರದು ಎಂಬದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಸರಳವಾಗಿ ಇಡುವದೇ ಈ ಲೇಖನದ ಉದ್ದೇಶವು.

ನಮ್ಮ ಧಾರವಾಡಕ್ಕೂ ಈ ರೋಗಕ್ಕೂ ಹಳೆಯ ಪರಿಚಯವಿದೆ. ಊರಿನ ಮೂಡಣಕ್ಕೆ ಬೆಳವಲದ ಎರೆಭೂಮಿ. ಪಡುವಣಕ್ಕೆ ಕಲಘಟಗಿ, ಅಳ್ನಾವರ, ಹಳಿಯಾಳಗಳ ಕಡೆಗೆ ಮಲೆನಾಡಿನ ಸೆರಗು. ಆ ಸೆರಗಿನ ಹಳ್ಳಗಳಲ್ಲಿ, ನಿಧಾನವಾಗಿ ಹರಿಯುವ ತಿಳಿನೀರಿನ ಅಂಚಿನಲ್ಲಿ ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯು ಹುಟ್ಟುತ್ತದೆ. ಮಲೆನಾಡಿನಲ್ಲಿ ಚಳಿಜ್ವರವನ್ನು ಮನೆಯಿಂದ ಮನೆಗೆ ಒಯ್ಯುತ್ತಿದ್ದ ಮುಖ್ಯ ಅಪರಾಧಿಯು ಇದೇ. ಆ ಕಾಲದಲ್ಲಿ ಒಂದು ಹಳ್ಳಿಯಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ವೈದ್ಯರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎಡಪಕ್ಕೆಯ ಕೆಳಗೆ ಬೆರಳಿಟ್ಟು, ಪ್ಲೀಹವು ಬೆಳೆದಿದೆಯೋ ಇಲ್ಲವೋ ಎಂದು ಒತ್ತಿ ನೋಡುತ್ತಿದ್ದರು. ಹೊಟ್ಟೆ ಉಬ್ಬಿ, ಮೈ ಬಿಳಿಚಿದ ಮಕ್ಕಳು ಎಷ್ಟು ಮಂದಿ ಎಂಬದೇ ಆ ಹಳ್ಳಿಯ ರೋಗದ ಲೆಕ್ಕವಾಗಿತ್ತು.

1946ರಲ್ಲಿ ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಕಾನಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ಆರಂಭವಾಯಿತು. ಇದನ್ನು ನಡೆಸಿದ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಇವರು ಮೊದಲನೆಯ ವರ್ಷದ ಫಲಗಳನ್ನು 1947ರಲ್ಲಿ ಪ್ರಕಟಿಸಿದರು. ಭಾರತದ ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಇಂಥ ಮೊದಲ ಪ್ರಯತ್ನಗಳಲ್ಲಿ ಇದೊಂದು. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬಂದು, ಸುಮಾರು 8 ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ರೋಗವು ಹೋಯಿತೆಂದು ಜನರು ಮೈಮರೆತರು; ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡವು; 1976ರಲ್ಲಿ ಸಂಖ್ಯೆಯು ಮತ್ತೆ 64 ಲಕ್ಷವನ್ನು ದಾಟಿತು. ಆ ಮೇಲೆ ಬಹಳ ಶ್ರಮದಿಂದ ಅದು ಮತ್ತೆ ಇಳಿಯುತ್ತ ಬಂದಿದೆ.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ರೋಗವು ಕಡಿಮೆಯಾದಂತೆ ಪರೀಕ್ಷೆಯ ಅವಶ್ಯಕತೆಯು ಕಡಿಮೆಯಾಗುವದಿಲ್ಲ, ಹೆಚ್ಚಾಗುತ್ತದೆ. ಹಿಂದೆ ಒಂದು ಮಲೆನಾಡ ಹಳ್ಳಿಯಲ್ಲಿ ಜ್ವರ ಬಂದ ನೂರು ಜನರಲ್ಲಿ ಅರುವತ್ತು ಜನರಿಗೆ ಮಲೇರಿಯಾ ಇರುತ್ತಿತ್ತೆಂದು ಇಟ್ಟುಕೊಳ್ಳಿರಿ. ಆಗ ಕಣ್ಣುಮುಚ್ಚಿ ಎಲ್ಲರಿಗೂ ಮಲೇರಿಯಾದ ಗುಳಿಗೆ ಕೊಟ್ಟರೂ ಹೆಚ್ಚಿನವರಿಗೆ ಗುಣವಾಗುತ್ತಿತ್ತು. ಈಗ ಅದೇ ಊರಲ್ಲಿ ನೂರರಲ್ಲಿ ಒಬ್ಬರಿಗೆ ಮಾತ್ರ ಇದೆಯೆಂದು ಇಟ್ಟುಕೊಳ್ಳಿರಿ. ಕಣ್ಣುಮುಚ್ಚಿ ಗುಳಿಗೆ ಕೊಟ್ಟರೆ ತೊಂಬತ್ತೊಂಬತ್ತು ಜನರ ನಿಜವಾದ ರೋಗವು ಒಳಗೇ ಉಳಿಯುವದು. ಕೊಡದೆ ಬಿಟ್ಟರೆ ಆ ಒಬ್ಬನು ಅಪಾಯಕ್ಕೆ ಗುರಿಯಾಗುವದಲ್ಲದೆ, ಅವನ ರಕ್ತವನ್ನು ಕುಡಿದ ಸೊಳ್ಳೆಯು ರೋಗವನ್ನು ಮತ್ತೆ ಊರಿಗೆ ಹಂಚುವದು. ಆ ಒಬ್ಬನನ್ನು ನೂರರೊಳಗಿಂದ ಹುಡುಕಿ ತೆಗೆಯುವದು ಪರೀಕ್ಷೆಯಿಂದ ಮಾತ್ರ ಸಾಧ್ಯ. ಆದದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2010ರಿಂದ, ಮಲೇರಿಯಾದ ಸಂಶಯವಿರುವ ಪ್ರತಿಯೊಬ್ಬರ ರಕ್ತವನ್ನೂ ಮೊದಲು ಪರೀಕ್ಷಿಸಿ ಆ ಮೇಲೆ ಔಷಧ ಕೊಡಬೇಕೆಂದು ಹೇಳುತ್ತ ಬಂದಿದೆ.

ಈಗ ರೋಗದ ಮೂಲವನ್ನು ನೋಡೋಣ. 1880ರಲ್ಲಿ ಅಲ್ಜೀರಿಯಾ ದೇಶದಲ್ಲಿದ್ದ ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯನು ರೋಗಿಯ ರಕ್ತದಲ್ಲಿ ಈ ರೋಗಾಣುವನ್ನು ಮೊದಲು ಕಂಡನು. ಅದು ಸೊಳ್ಳೆಯ ಮುಖಾಂತರ ಸಾಗುವದೆಂಬದನ್ನು ತೋರಿಸಿದ ಕೀರ್ತಿಯು ರೊನಾಲ್ಡ್ ರಾಸ್ ಇವರದು. ಹಿಂದೆ ಬೆಂಗಳೂರಿನಲ್ಲಿಯೂ ಸೇವೆ ಮಾಡಿದ್ದ ಈ ವೈದ್ಯರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗಾಣುವಿನ ಬೆಳವಣಿಗೆಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಈ ರೋಗಾಣುವಿನಲ್ಲಿ ಮನುಷ್ಯರನ್ನು ಬಾಧಿಸುವ ಜಾತಿಗಳು ಐದು. ನಮ್ಮ ದೇಶದಲ್ಲಿ ಮುಖ್ಯವಾದವು ಎರಡು. ವೈವಾಕ್ಸ್ ಎಂಬದು ಸಾಮಾನ್ಯವಾಗಿ ಕೊಲ್ಲುವದಿಲ್ಲ, ಆದರೆ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಮರಳುತ್ತದೆ. ಫಾಲ್ಸಿಪಾರಂ ಎಂಬದು ಮೆದುಳಿಗೂ ಮೂತ್ರಪಿಂಡಕ್ಕೂ ತಾಕಿ, ತಡಮಾಡಿದರೆ ಕೆಲವೇ ದಿನಗಳಲ್ಲಿ ಪ್ರಾಣವನ್ನು ಕೊಂಡೊಯ್ಯುತ್ತದೆ. ಇವೆರಡರ ಔಷಧಗಳು ಬೇರೆ ಬೇರೆ. ಆದದರಿಂದ ‘ಮಲೇರಿಯಾ ಇದೆ’ ಎಂದು ತಿಳಿದರೆ ಸಾಲದು. ಯಾವ ಜಾತಿಯದೆಂದೂ ತಿಳಿಯಬೇಕು.

ದಿನ ಬಿಟ್ಟು ದಿನ ಜ್ವರ ಬಂದರೆ ಮಾತ್ರ ಅದು ಮಲೇರಿಯಾ ಎಂಬ ತಿಳಿವಳಿಕೆಯು ನಮ್ಮ ಹೆಂಗಸರಲ್ಲಿ ಬಹಳ ಕಾಲದಿಂದ ಇದೆ. ಇದು ಅರ್ಧ ನಿಜವು. ಮೊದಲಿನ ದಿನಗಳಲ್ಲಿ ಜ್ವರವು ಅಂಥ ನಿಯಮವನ್ನು ಪಾಲಿಸುವದಿಲ್ಲ. ಫಾಲ್ಸಿಪಾರಂ ಜ್ವರವಂತೂ ಅನೇಕ ಸಾರೆ ದಿನಾಲು ಇರುತ್ತದೆ. ಸಣ್ಣ ಮಕ್ಕಳಲ್ಲಿ ಚಳಿಯೂ ನಡುಕವೂ ಕಾಣದೆ ವಾಂತಿ, ಭೇದಿ, ಕೆಮ್ಮು ಮಾತ್ರ ಕಾಣಬಹುದು. ನಿಯಮವಾಗಿ ಬರುವ ಜ್ವರಕ್ಕಾಗಿ ಕಾದು ಕುಳಿತ ತಾಯಿಯು ಅಮೂಲ್ಯವಾದ ದಿನಗಳನ್ನು ಕಳೆದುಕೊಂಡಂತೆಯೇ ಸರಿ.

ನೂರು ವರ್ಷಗಳಿಗೂ ಮಿಕ್ಕಿ ಈ ರೋಗವನ್ನು ಗೊತ್ತುಮಾಡುವ ಮಾರ್ಗವು ಒಂದೇ ಆಗಿತ್ತು. ಬೆರಳನ್ನು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ, ಒಣಗಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡುವದು. ಈ ಪರೀಕ್ಷೆಯು ಇಂದಿಗೂ ಹಿರಿಯ ಅಕ್ಕನ ಸ್ಥಾನದಲ್ಲಿದೆ. ನುರಿತ ಕಣ್ಣಿಗೆ ಅದು ರೋಗಾಣುವಿನ ಜಾತಿಯನ್ನೂ ಸಂಖ್ಯೆಯನ್ನೂ ತಿಳಿಸುವದು. ಔಷಧವು ಹತ್ತಿತೋ ಇಲ್ಲವೋ ಎಂಬದನ್ನೂ ಹೇಳುವದು. ಆದರೆ ಅದಕ್ಕೆ ಯಂತ್ರ ಬೇಕು, ಒಳ್ಳೆಯ ಬಣ್ಣ ಬೇಕು, ಎಲ್ಲಕ್ಕೂ ಮಿಗಿಲಾಗಿ ದಣಿಯದ ನುರಿತ ಕಣ್ಣು ಬೇಕು. ದೂರದ ಹಳ್ಳಿಯಲ್ಲಿ ತೆಗೆದ ರಕ್ತವು ತಾಲೂಕಿನ ಪ್ರಯೋಗಶಾಲೆಗೆ ಹೋಗಿ ಉತ್ತರ ಬರುವಷ್ಟರಲ್ಲಿ ಎಷ್ಟೋ ದಿನಗಳು ಕಳೆಯುತ್ತಿದ್ದವು. ಅದಕ್ಕಾಗಿಯೇ ಬಹಳ ವರ್ಷಗಳ ವರೆಗೆ, ರಕ್ತ ತೆಗೆದ ಕೂಡಲೆ ಊಹೆಯ ಮೇಲೆ ಕ್ಲೋರೋಕ್ವಿನ್ ಗುಳಿಗೆಗಳನ್ನು ಕೊಟ್ಟುಬಿಡುವ ವಾಡಿಕೆಯಿತ್ತು.

ಈ ಕೊರತೆಯನ್ನು ನೀಗಿಸಲು ಬಂದದ್ದೇ ಶೀಘ್ರ ಪ್ರತಿಜನಕ ಪರೀಕ್ಷೆ. ‘ಪ್ರತಿಜನಕ’ವೆಂದರೆ ರೋಗಾಣುವಿಗೇ ಸೇರಿದ, ನಮ್ಮ ಶರೀರಕ್ಕೆ ಪರಕೀಯವಾದ ಒಂದು ವಸ್ತು. ಅದನ್ನು ಗುರುತಿಸಿ ಹಿಡಿಯುವ ವಸ್ತುವಿಗೆ ‘ಪ್ರತಿಕಾಯ’ವೆಂದು ಹೆಸರು. ಬೀಗಕ್ಕೆ ಅದರದೇ ಕೀಲಿಯು ಹೊಂದುವಂತೆ ಒಂದು ಪ್ರತಿಕಾಯವು ತನ್ನದೇ ಆದ ಪ್ರತಿಜನಕವನ್ನು ಮಾತ್ರ ಹಿಡಿಯುತ್ತದೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಬೆಳೆಯಿಸುವ ಉಪಾಯವನ್ನು ಕಂಡುಹಿಡಿದರು. 1984ರಲ್ಲಿ ಅವರಿಗೂ ನೊಬೆಲ್ ಪಾರಿತೋಷಕವು ಬಂದಿತು. ಆ ಉಪಾಯದ ಬಲದಿಂದ 1990ರ ದಶಕದ ಆರಂಭದಲ್ಲಿ ಮಲೇರಿಯಾದ ಶೀಘ್ರ ಪರೀಕ್ಷೆಯ ಪಟ್ಟಿಗಳು ಬಳಕೆಗೆ ಬಂದವು.

ಪಟ್ಟಿಯ ಒಳಗೆ ನಡೆಯುವ ಕ್ರಿಯೆಯು ಹೀಗಿದೆ. ಪಣತಿಯ ಬತ್ತಿಯು ಎಣ್ಣೆಯನ್ನು ಹೀರಿ ಮೇಲಕ್ಕೆ ಒಯ್ಯುವಂತೆ ಪಟ್ಟಿಯು ರಕ್ತದ ಹನಿಯನ್ನೂ ಅದಕ್ಕೆ ಬೆರೆಸಿದ ದ್ರವವನ್ನೂ ಹೀರುತ್ತ ಮುಂದಕ್ಕೆ ಒಯ್ಯುತ್ತದೆ. ಆ ದ್ರವವು ಕೆಂಪು ರಕ್ತಕಣಗಳನ್ನು ಒಡೆದು ಒಳಗಿನ ರೋಗಾಣುವಿನ ವಸ್ತುಗಳನ್ನು ಹೊರಗೆಡಹುತ್ತದೆ. ದಾರಿಯಲ್ಲಿ ಬಂಗಾರದ ಅತಿಸೂಕ್ಷ್ಮ ಕಣಗಳನ್ನು ಹೊತ್ತ ಪ್ರತಿಕಾಯಗಳು ಕಾದಿರುತ್ತವೆ. ಅಷ್ಟು ಸೂಕ್ಷ್ಮವಾದ ಬಂಗಾರವು ಹಳದಿಯಾಗಿರದೆ ಕೆಂಪಗೆ ಕಾಣುವದು. ರಕ್ತದಲ್ಲಿ ಮಲೇರಿಯಾದ ಪ್ರತಿಜನಕವಿದ್ದರೆ ಈ ಕೆಂಪು ಪ್ರತಿಕಾಯಗಳು ಅದನ್ನು ಹಿಡಿದುಕೊಂಡು ಜತೆಯಾಗಿ ಮುಂದೆ ಸಾಗುವವು. ಮುಂದೆ ಒಂದು ಗೆರೆಯ ಮೇಲೆ ಅಚಲವಾಗಿ ನೆಟ್ಟ ಇನ್ನೊಂದು ಪ್ರತಿಕಾಯದ ಸಾಲು ಅದೇ ಪ್ರತಿಜನಕವನ್ನು ತಡೆದು ನಿಲ್ಲಿಸುವದು. ಹೀಗೆ ನಿಂತ ಬಂಗಾರದ ಕಣಗಳು ಒಟ್ಟುಗೂಡಿ ಕೆಂಪು ಗೆರೆಯಾಗಿ ಕಣ್ಣಿಗೆ ಕಾಣುವವು. ರೋಗವಿಲ್ಲದವರ ರಕ್ತದಲ್ಲಿ ಹಿಡಿಯತಕ್ಕದ್ದೇನೂ ಇಲ್ಲದ್ದರಿಂದ ಆ ಗೆರೆಯು ಮೂಡುವದಿಲ್ಲ. ಇವೆಲ್ಲವುಗಳ ಆಚೆಗೆ ಇನ್ನೊಂದು ಗೆರೆಯುಂಟು. ಅದು ಸಾಕ್ಷಿಯ ಗೆರೆ. ರೋಗವಿರಲಿ ಇಲ್ಲದಿರಲಿ, ಪಟ್ಟಿಯು ಸರಿಯಾಗಿ ಕೆಲಸಮಾಡಿದ್ದರೆ ಅದು ಮೂಡಲೇಬೇಕು.

ಪಟ್ಟಿಯು ಹುಡುಕುವ ವಸ್ತುಗಳು ಮುಖ್ಯವಾಗಿ ಎರಡು. ಎಚ್.ಆರ್.ಪಿ.-2 ಎಂಬದು ಫಾಲ್ಸಿಪಾರಂ ಜಾತಿಯು ಮಾತ್ರ ಹೊರಹಾಕುವ ಒಂದು ಪ್ರೋಟೀನು. ಎಲ್.ಡಿ.ಎಚ್. ಎಂಬದು ಎಲ್ಲ ಜಾತಿಯ ರೋಗಾಣುಗಳೂ ಜೀವದಿಂದಿರುವಾಗ ತಯಾರಿಸುವ ವಸ್ತು; ಜಾತಿಗನುಸಾರ ಅದರಲ್ಲಿ ಸ್ವಲ್ಪ ಭೇದವಿರುವದರಿಂದ ವೈವಾಕ್ಸನ್ನು ಪ್ರತ್ಯೇಕವಾಗಿ ಗುರುತಿಸಲು ಬರುತ್ತದೆ. ನಮ್ಮ ದೇಶದಲ್ಲಿ ಮೊದಲು ಬಂದ ಪಟ್ಟಿಗಳು ಫಾಲ್ಸಿಪಾರಂ ಒಂದನ್ನೇ ತೋರಿಸುತ್ತಿದ್ದವು. 2013ರಿಂದ ಎರಡೂ ಜಾತಿಗಳನ್ನು ಬೇರೆ ಬೇರೆ ಗೆರೆಗಳಲ್ಲಿ ತೋರಿಸುವ ಪಟ್ಟಿಗಳು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಳಕೆಗೆ ಬಂದವು.

ಪರೀಕ್ಷೆ ಮಾಡುವದು ಕಠಿಣವಲ್ಲ. ಆದರೆ ಶಿಸ್ತನ್ನು ಬೇಡುತ್ತದೆ. ಮನೆಯ ಹೆಂಗಸರು ಎದುರಿಗೆ ನಿಂತು ಈ ಕೆಲವು ಸಂಗತಿಗಳನ್ನು ಗಮನಿಸಬಹುದು. ಲಕೋಟೆಯ ಮೇಲಿನ ಅವಧಿಯು ಮುಗಿದಿರಬಾರದು. ಲಕೋಟೆಯನ್ನು ಪರೀಕ್ಷೆಯ ಹೊತ್ತಿಗೇ ಒಡೆಯಬೇಕು; ಮೊದಲೇ ಒಡೆದಿಟ್ಟರೆ ಗಾಳಿಯ ತೇವವು ಪಟ್ಟಿಯನ್ನು ಕೆಡಿಸುವದು. ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಬಳಿಕ, ಪ್ರತಿಯೊಬ್ಬರಿಗೂ ಹೊಸದಾದ ಸೂಜಿಯಿಂದಲೇ ಚುಚ್ಚಬೇಕು. ರಕ್ತವನ್ನು ಅದರ ಕುಳಿಯಲ್ಲಿಯೂ, ದ್ರವವನ್ನು ಹೇಳಿದಷ್ಟೇ ಹನಿಗಳಂತೆ ಅದರ ಕುಳಿಯಲ್ಲಿಯೂ ಹಾಕಬೇಕು. ಆ ಮೇಲೆ ಗಡಿಯಾರವನ್ನು ನೋಡಬೇಕು. ಸಾಮಾನ್ಯವಾಗಿ 15ರಿಂದ 20 ನಿಮಿಷ; ಆದರೆ ಆಯಾ ಕಿಟ್ಟಿನ ಕಾಗದದಲ್ಲಿ ಬರೆದ ಹೊತ್ತೇ ಪ್ರಮಾಣವು. ಅವಸರದಿಂದ ಮೊದಲೇ ಓದಿದರೆ ತೆಳುವಾದ ಗೆರೆಯು ಕಾಣದೆ ಹೋದೀತು. ತಾಸುಗಟ್ಟಲೆ ಬಿಟ್ಟು ಓದಿದರೆ ಇಲ್ಲದ ಗೆರೆಯು ಇದ್ದಂತೆ ತೋರೀತು.

ಓದುವ ಕ್ರಮವು ಇದು. ಸಾಕ್ಷಿಯ ಗೆರೆ ಮಾತ್ರ ಇದ್ದರೆ ಪರೀಕ್ಷೆಗೆ ರೋಗಾಣುವು ಸಿಕ್ಕಿಲ್ಲ. ಸಾಕ್ಷಿಯ ಗೆರೆಯೊಡನೆ ರೋಗದ ಗೆರೆಯೂ ಮೂಡಿದರೆ ಮಲೇರಿಯಾ ಇದೆ. ಗೆರೆಯು ಎಷ್ಟೇ ತೆಳುವಾಗಿದ್ದರೂ ಅದು ಗೆರೆಯೇ. ಸಾಕ್ಷಿಯ ಗೆರೆಯೇ ಇಲ್ಲದಿದ್ದರೆ ಉಳಿದ ಗೆರೆಗಳು ಏನೇ ಹೇಳಲಿ, ಆ ಪಟ್ಟಿಯು ಕೆಟ್ಟದ್ದು. ಹೊಸ ಪಟ್ಟಿಯಿಂದ ಮತ್ತೆ ಪರೀಕ್ಷಿಸಬೇಕು.

ಇಷ್ಟು ಉಪಕಾರಿಯಾದ ಸಾಧನವು ಸರ್ವಜ್ಞವೆಂದು ಭಾವಿಸಕೂಡದು. ಅದರ ಮಿತಿಗಳನ್ನು ಅರಿಯದೆ ನಂಬಿದರೆ ಊಹೆಯ ಬದಲಿಗೆ ಇನ್ನೊಂದು ಊಹೆಯನ್ನು ತಂದುಕೊಂಡಂತಾದೀತು.

ಮೊದಲನೆಯದಾಗಿ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 100ರಿಂದ 200 ರೋಗಾಣುಗಳಾದರೂ ಇದ್ದರೆ ಒಳ್ಳೆಯ ಪಟ್ಟಿಯು ಅವುಗಳನ್ನು ನೆಚ್ಚುವಂತೆ ತೋರಿಸುವದು. ಅದಕ್ಕಿಂತ ಕಡಿಮೆಯಿದ್ದರೆ ತಪ್ಪಿಸಿಕೊಳ್ಳಬಹುದು. ಆದದರಿಂದ ಜ್ವರದ ಮೊದಲನೆಯ ದಿನ ‘ಇಲ್ಲ’ವೆಂದ ಪಟ್ಟಿಯು ಮೂರನೆಯ ದಿನ ‘ಇದೆ’ ಎನ್ನಬಹುದು. ಜ್ವರವು ಇಳಿಯದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಗರ್ಭಿಣಿಯರಲ್ಲಿ ಫಾಲ್ಸಿಪಾರಂ ರೋಗಾಣುಗಳು ಮಾಸಿನಲ್ಲಿ ಅಡಗುವದರಿಂದ ಬೆರಳಿನ ರಕ್ತದಲ್ಲಿ ಕಡಿಮೆ ಕಾಣಬಹುದು. ಚೊಚ್ಚಲ ಬಸಿರಿನ ಮಗಳು ತವರಿಗೆ ಬಂದಾಗ ಜ್ವರ ಬಂದರೆ ಒಂದು ಪಟ್ಟಿಯ ‘ಇಲ್ಲ’ವನ್ನು ನಂಬಿ ಸುಮ್ಮನಿರದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಎರಡನೆಯದಾಗಿ, ಎಚ್.ಆರ್.ಪಿ.-2 ಎಂಬ ವಸ್ತುವು ರೋಗಾಣುಗಳು ಸತ್ತ ಮೇಲೂ ಕೆಲವು ವಾರಗಳ ವರೆಗೆ ರಕ್ತದಲ್ಲಿ ಉಳಿಯುತ್ತದೆ. ಬೆಂಕಿ ಆರಿದ ಮೇಲೂ ಹೊಗೆಯ ವಾಸನೆ ಮನೆಯಲ್ಲಿರುವಂತೆಯೇ ಇದು. ಔಷಧ ಮುಗಿಸಿದ ಮಗುವಿಗೆ ಮತ್ತೆ ಪಟ್ಟಿಯ ಪರೀಕ್ಷೆ ಮಾಡಿಸಿ, ಗೆರೆ ಕಂಡು, ಔಷಧವೇ ಹತ್ತಲಿಲ್ಲವೆಂದು ಗಾಬರಿಯಾಗಬಾರದು. ಗುಣವಾದದ್ದನ್ನು ತಿಳಿಯಲು ಸೂಕ್ಷ್ಮದರ್ಶಕದ ಪರೀಕ್ಷೆಯೇ ಯೋಗ್ಯವು.

ಮೂರನೆಯದಾಗಿ, ರೋಗಾಣುವೂ ಉಪಾಯಗಾರನಿದ್ದಾನೆ. 2010ರಲ್ಲಿ ದಕ್ಷಿಣ ಅಮೇರಿಕೆಯ ಪೆರು ದೇಶದಿಂದ ಒಂದು ಸುದ್ದಿ ಬಂದಿತು: ಅಲ್ಲಿಯ ಕೆಲವು ಫಾಲ್ಸಿಪಾರಂ ರೋಗಾಣುಗಳು ಎಚ್.ಆರ್.ಪಿ.-2ನ್ನು ತಯಾರಿಸುವ ಜೀನನ್ನೇ ಕಳೆದುಕೊಂಡಿದ್ದವು. ಅಂಥ ರೋಗಾಣುವನ್ನು ಅದೊಂದನ್ನೇ ಹುಡುಕುವ ಪಟ್ಟಿಯು ಹೇಗೆ ಕಂಡೀತು? ಮುಂದೆ ಆಫ್ರಿಕೆಯ ಎರಿಟ್ರಿಯಾ ಮುಂತಾದ ಕಡೆಗಳಲ್ಲಿಯೂ ಇದು ಕಂಡುಬಂದಿತು. ಆದದರಿಂದ ಲಕ್ಷಣಗಳು ಮಲೇರಿಯಾದವೇ ಆಗಿದ್ದು ಪಟ್ಟಿಯು ‘ಇಲ್ಲ’ವೆಂದರೆ ವೈದ್ಯರು ಗಾಜಿನ ಪಟ್ಟಿಯ ಪರೀಕ್ಷೆಯನ್ನೂ ಮಾಡಿಸುವರು. ತಂಗಿಯು ಬಂದಳೆಂದು ಹಿರಿಯ ಅಕ್ಕನನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ.

ನಾಲ್ಕನೆಯದಾಗಿ, ಪಟ್ಟಿಯು ರೋಗಾಣುಗಳ ಸಂಖ್ಯೆಯನ್ನು ಹೇಳಲಾರದು. ಯಕೃತ್ತಿನಲ್ಲಿ ಮಲಗಿರುವ ವೈವಾಕ್ಸನ್ನು ತೋರಿಸಲಾರದು. ವಿಪರೀತ ಸೆಕೆಯಲ್ಲಿ, ಮುಚ್ಚಿದ ಮೋಟಾರಿನಲ್ಲಿ ಬಿದ್ದಿದ್ದ ಪಟ್ಟಿಗಳು ತಮ್ಮ ಶಕ್ತಿಯನ್ನು ಕಳೆದುಕೊಳ್ಳುವವು.

ಹಾಗಾದರೆ ಉತ್ತರ ಬಂದ ಮೇಲೆ ಮಾಡತಕ್ಕದ್ದೇನು? ‘ಇದೆ’ ಎಂದು ಬಂದರೆ ಅದೇ ದಿನ ಔಷಧವು ಆರಂಭವಾಗಬೇಕು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತವಾಗಿವೆ. ವೈವಾಕ್ಸಿಗೆ ಮೂರು ದಿನಗಳ ಕ್ಲೋರೋಕ್ವಿನ್, ಅದರೊಡನೆ ಯಕೃತ್ತಿನಲ್ಲಿ ಅಡಗಿದ ರೋಗಾಣುವಿಗಾಗಿ 14 ದಿನಗಳ ಪ್ರಿಮಾಕ್ವಿನ್. ಫಾಲ್ಸಿಪಾರಮ್ಮಿಗೆ ಆರ್ಟಿಮಿಸಿನಿನ್ ಕುಲದ ಔಷಧವು ಕೂಡಿದ ಚಿಕಿತ್ಸೆ. ಈ ಆರ್ಟಿಮಿಸಿನಿನ್ನನ್ನು ಚೀನಾ ದೇಶದ ಹಳೆಯ ವೈದ್ಯದ ಒಂದು ಗಿಡದಿಂದ ಬೇರ್ಪಡಿಸಿ ಲೋಕಕ್ಕೆ ಕೊಟ್ಟ ತಂಡದ ಮುಂದಾಳು ತೂ ಯೂಯೂ ಎಂಬ ಮಹಿಳೆಯು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತೆಂಬದನ್ನು ನಮ್ಮ ಹುಡುಗಿಯರು ಅವಶ್ಯವಾಗಿ ತಿಳಿದಿರಬೇಕು. ಮೂರನೆಯ ದಿನ ಜ್ವರ ಬಿಟ್ಟಿತೆಂದು ಹದಿನಾಲ್ಕು ದಿನಗಳ ಗುಳಿಗೆಯನ್ನು ಕಪಾಟಿನಲ್ಲಿಡುವದು ನಮ್ಮ ಮನೆಗಳ ದೊಡ್ಡ ದೋಷವು. ತಿಂಗಳುಗಳ ನಂತರ ಜ್ವರವು ಮರಳುವದು ಅದರ ಫಲವು. ಆದರೆ ಪ್ರಿಮಾಕ್ವಿನ್ನನ್ನು ಗರ್ಭಿಣಿಯರಿಗೂ ಹಸುಗೂಸುಗಳಿಗೂ ಕೊಡಕೂಡದು, ಜಿ-6-ಪಿ.ಡಿ. ಎಂಬ ದ್ರವ್ಯದ ಕೊರತೆಯಿರುವವರಲ್ಲಿ ಅದು ರಕ್ತಕಣಗಳನ್ನು ಒಡೆಯಬಹುದು. ಆದದರಿಂದ ಔಷಧದ ಪ್ರಮಾಣವು ವೈದ್ಯರ ಮಾತಿನಂತೆಯೇ ನಡೆಯಬೇಕು. ಫಿಟ್ಸು ಬರುವದು, ಪ್ರಜ್ಞೆ ತಪ್ಪುವದು, ಮಗುವು ನೀರನ್ನೂ ಕುಡಿಯದಿರುವದು, ಉಸಿರು ಕಟ್ಟುವದು, ಮೂತ್ರವು ಕಪ್ಪಾಗುವದು—ಇವುಗಳಲ್ಲಿ ಒಂದು ಕಂಡರೂ ಹೊತ್ತುಗಳೆಯದೆ ದೊಡ್ಡ ದವಾಖಾನೆಗೆ ಒಯ್ಯಬೇಕು.

‘ಇಲ್ಲ’ ಎಂದು ಬಂದರೆ ಕೆಲಸವು ಮುಗಿಯಲಿಲ್ಲ, ಅರ್ಧವಾಯಿತು ಅಷ್ಟೆ. ಮಲೇರಿಯಾ ಅಲ್ಲವೆಂದರೆ ಮತ್ತೇನು? ಡೆಂಗೀ ಇರಬಹುದು, ಟಾಯ್‌ಫಾಯ್ಡ್ ಇರಬಹುದು, ಇಲಿಜ್ವರವಿರಬಹುದು. ಜ್ವರದ ಕಾರಣವು ತಿಳಿಯುವವರೆಗೆ ವೈದ್ಯರನ್ನು ಬಿಡಬಾರದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರು ಶಿಕ್ಷಕಿಯರು, ನರ್ಸರು, ಮನೆಯನ್ನು ನಡೆಸುವ ತಾಯಂದಿರು. ಅವರಿಂದ ಆಗಬೇಕಾದ ಕಾರ್ಯವು ದೊಡ್ಡದಲ್ಲ, ಆದರೆ ಅವರಿಂದಲೇ ಆಗಬೇಕು. ಕಲಿಯಲಿಕ್ಕೋ ನೌಕರಿಗೋ ಮಂಗಳೂರು, ಗೋವೆ ಮುಂತಾದ ಕಡಲತೀರದ ಊರುಗಳಿಗೆ ಹೋದ ಮಕ್ಕಳು ರಜೆಗೆ ಬಂದಾಗ ಜ್ವರ ಕಂಡರೆ, ಅವರು ಎಲ್ಲಿದ್ದು ಬಂದರೆಂಬದನ್ನು ವೈದ್ಯರಿಗೆ ಮೊದಲು ಹೇಳಿರಿ. ಮಂಗಳೂರು 1990ರ ದಶಕದಿಂದ ಬಹು ವರ್ಷಗಳ ಕಾಲ ನಮ್ಮ ರಾಜ್ಯದಲ್ಲಿ ಮಲೇರಿಯಾಕ್ಕೆ ಹೆಸರಾದ ನಗರವಾಗಿತ್ತು. ಸೊಳ್ಳೆ ಕಚ್ಚಿದ ಹತ್ತು ಹದಿನೈದು ದಿನಗಳ ಮೇಲೆ ಜ್ವರವು ತೋರುವದರಿಂದ, ಹಿಡಿದದ್ದು ಒಂದು ಊರಲ್ಲಿ, ಮಲಗುವದು ಇನ್ನೊಂದು ಊರಲ್ಲಿ ಆಗುತ್ತದೆ. ಹುಬ್ಬಳ್ಳಿ-ಧಾರವಾಡಗಳಲ್ಲಿ ನಳದ ನೀರು ಎಷ್ಟೋ ದಿನಗಳಿಗೊಮ್ಮೆ ಬರುತ್ತಿದ್ದ ಕಾಲದಿಂದ ಮನೆಮನೆಗಳಲ್ಲಿ ನೀರನ್ನು ತುಂಬಿಡುವ ರೂಢಿಯಿದೆ. ತೆರೆದ ಹೌದು, ಮುಚ್ಚಳವಿಲ್ಲದ ಟಾಕಿ, ಬಳಸದ ಬಾವಿ—ಇವು ಪಟ್ಟಣದ ಮಲೇರಿಯಾ ಸೊಳ್ಳೆಗೆ ತವರುಮನೆಗಳು. ಇವುಗಳನ್ನು ಮುಚ್ಚಿಡುವದು ಯಾವ ಔಷಧಕ್ಕೂ ಕಡಿಮೆಯಲ್ಲ.

ಎಲ್ಲಕ್ಕೂ ಮಿಗಿಲಾಗಿ, ಜ್ವರ ಬಂದ ದಿನವೇ ‘ರಕ್ತ ನೋಡಿಸಿದಿರಾ?’ ಎಂದು ಕೇಳುವ ಅಭ್ಯಾಸವು ಪ್ರತಿಯೊಂದು ಮನೆಯಲ್ಲಿ ಬೆಳೆಯಬೇಕು. ಹಿಂದಿನ ತಲೆಮಾರಿನ ತಾಯಂದಿರಿಗೆ ಕೇಳಿದರೂ ಉತ್ತರ ಕೊಡುವ ಸಾಧನವು ಹತ್ತಿರದಲ್ಲಿ ಇರಲಿಲ್ಲ. ನಮಗೆ ಅದು ಕಾಲು ತಾಸಿನಲ್ಲಿ, ಹಣವಿಲ್ಲದೆ, ಮನೆಯ ಹತ್ತಿರವೇ ದೊರೆಯುತ್ತಿದೆ. ಇಷ್ಟಾಗಿಯೂ ಕೇಳದೆ ಉಳಿದರೆ ಆ ದೋಷವು ನಮ್ಮದೇ ಹೊರತು ವಿಜ್ಞಾನದ್ದಲ್ಲ.